ಪ್ಲಾಸ್ಟಿಕ್ ಮೈಗೆ ಲೋಹದ ಹೊಳಪು

1965ರ ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾದ ಆಕಾಶದಲ್ಲಿ ಎರಡು ವಿಮಾನಗಳು ಎದುರುಬದುರಾದವು. ಒಂದು, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹಾರಿಸುತ್ತಿದ್ದ ಫ್ರೆಂಚ್ ಮಿಸ್ತೇರ್. ಇನ್ನೊಂದು, ಪಾಕಿಸ್ತಾನದ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ಮುಂದೆ ಮಿಸ್ತೇರ್ ಯಾವ ಲೆಕ್ಕಕ್ಕೂ ಇರಲಿಲ್ಲ. ಆದರೂ ದೇವಯ್ಯನವರ ಗುಂಡಿಗೆ ಅದು ಉರುಳಿತು. ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು, ದೇವಯ್ಯ ಮರಳಲಿಲ್ಲ. ಅವರು ಮಾಡಿದ್ದೇನೆಂದು ಹೊರಜಗತ್ತಿಗೆ ತಿಳಿದದ್ದು 1979ರಲ್ಲಿ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಈ ಕಾಳಗವನ್ನು ಮನೆಯ ಕಪಾಟಿನೊಳಗೆ ತರಬೇಕೆಂದು ಹೊರಡುವ ಸ್ಕೇಲ್ ಮಾಡೆಲ್ ಹವ್ಯಾಸಿಗೆ ಬೇಕಾದ ಜಾಗ ಒಂದು ಪುಸ್ತಕದಷ್ಟು. 72ರಲ್ಲಿ ಒಂದು ಪಾಲಿಗೆ ಇಳಿಸಿದರೆ ಮಿಸ್ತೇರ್ ಸುಮಾರು 18 ಸೆಂಟಿಮೀಟರ್ ಉದ್ದ, ಸ್ಟಾರ್‌ಫೈಟರ್ 23 ಸೆಂಟಿಮೀಟರ್. ಭಾಗಗಳನ್ನು ಫ್ರೇಮಿನಿಂದ ಕತ್ತರಿಸಿ ಅಂಟಿಸುವ ಕೆಲಸ ವಾರದಲ್ಲಿ ಮುಗಿದೀತು. ಅಸಲಿ ಪರೀಕ್ಷೆ ಆಮೇಲಿನದು. ಮಿಸ್ತೇರ್‌ಗಳು 1957ರಿಂದ ಭಾರತಕ್ಕೆ ಬಂದಾಗ ಅವುಗಳ ಮೈಗೆ ಬಣ್ಣವಿರಲಿಲ್ಲ. ಸ್ಟಾರ್‌ಫೈಟರ್ ಕೂಡ ಬರಿ ಲೋಹದ ಮೈಯಲ್ಲೇ ಹೆಸರಾದ ವಿಮಾನ. ಬೂದು ಪ್ಲಾಸ್ಟಿಕ್ಕಿನ ಒಂದು ತುಂಡನ್ನು ನೋಡಿದವರು ‘ಇದು ಅಲ್ಯುಮಿನಿಯಂ’ ಎಂದು ನಂಬಬೇಕು. ಹವ್ಯಾಸಿಗಳು ಇದನ್ನು ‘ಬೇರ್ ಮೆಟಲ್ ಫಿನಿಶ್’ ಎನ್ನುತ್ತಾರೆ. ಹಸಿರು, ಕಂದು ಪಟ್ಟೆಗಳ ಯುದ್ಧವಿಮಾನಗಳನ್ನು ಲೀಲಾಜಾಲವಾಗಿ ಮುಗಿಸುವ ಕೈಗಳೂ ಇಲ್ಲಿ ಹಿಂದೆ ಮುಂದೆ ನೋಡುತ್ತವೆ.

ಕಾರಣವಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟಿಗೂ ಕಿಟಕಿ ಸರಳಿಗೂ ಕೊಡುವ ಸಿಲ್ವರ್ ಪೇಂಟನ್ನೇ ತಂದು ಮಾಡೆಲಿಗೆ ಹೊಡೆದರೆ ಕಾಣುವುದು ಸಿಲ್ವರ್ ಪೇಂಟ್ ಹೊಡೆದ ಪ್ಲಾಸ್ಟಿಕ್, ಅಷ್ಟೆ. ಆ ಬಣ್ಣದಲ್ಲಿ ಅಲ್ಯುಮಿನಿಯಂನ ಚಪ್ಪಟೆ ಚೂರುಗಳು ತೇಲುತ್ತಿರುತ್ತವೆ. ಒಂದು ಚೂರು 0.03 ಮಿಲಿಮೀಟರ್ ಇದೆ ಎಂದುಕೊಳ್ಳಿ. ಗೇಟಿನ ಮೇಲೆ ಅದು ಕಣ್ಣಿಗೆ ಬೀಳದು. ಆದರೆ ಮಾಡೆಲ್ ಮೇಲಿನ ಪ್ರತಿಯೊಂದು ಅಳತೆಯನ್ನೂ ಕಣ್ಣು 72ರಿಂದ ಗುಣಿಸಿಕೊಂಡೇ ನೋಡುತ್ತದೆ. ಆ ಲೆಕ್ಕಕ್ಕೆ ನಿಜವಾದ ವಿಮಾನದ ಮೈಮೇಲೆ ಎರಡು ಮಿಲಿಮೀಟರ್ ಅಗಲದ ಮಿಣುಕು ಚೂರುಗಳನ್ನು ಎರಚಿದಂತಾಯಿತು. ಗೀರುಗಳದ್ದೂ ಇದೇ ಲೆಕ್ಕ: ಮಾಡೆಲ್ ಮೇಲೆ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರ್ ಅಗಲದ ಗೀರು ಬಿದ್ದರೆ ಅಸಲಿ ವಿಮಾನಕ್ಕೆ ಅದು ಏಳು ಮಿಲಿಮೀಟರ್ ಅಗಲದ ಕಾಲುವೆ.

ಲೋಹ ಯಾಕೆ ಹೊಳೆಯುತ್ತದೆ

ವಿಮಾನದ ಹೊದಿಕೆ ಶುದ್ಧ ಅಲ್ಯುಮಿನಿಯಂ ಅಲ್ಲ. ಅದಕ್ಕೆ ಬೇಕಾದ ಗಟ್ಟಿತನ ಬಂದದ್ದು, ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ ಬೆರೆಸಿ ಡ್ಯುರಾಲುಮಿನ್ ಎಂಬ ಮಿಶ್ರಲೋಹ ಮಾಡಿದ ಮೇಲೆ. ಆದರೆ ತಾಮ್ರ ಸೇರಿದ್ದೇ ತಡ, ಗಾಳಿ ನೀರಿಗೆ ಅದು ಬೇಗ ಕೊರೆದುಹೋಗತೊಡಗಿತು. 1920ರ ದಶಕದ ಕೊನೆಗೆ ಅಮೆರಿಕದ ಆಲ್ಕೋವಾ ಕಂಪನಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಗಟ್ಟಿ ಮಿಶ್ರಲೋಹದ ಹಾಳೆಯ ಎರಡೂ ಬದಿಗೆ ಶುದ್ಧ ಅಲ್ಯುಮಿನಿಯಂನ ತೆಳು ಪದರ ಹೊದಿಸುವುದು. ಇದೇ ಆಲ್‌ಕ್ಲಾಡ್. ಹಳೆಯ ವಿಮಾನಗಳ ಚಿತ್ರದಲ್ಲಿ ಕನ್ನಡಿಯಂತೆ ಮಿಂಚುವುದು ಈ ಮೇಲ್ಪದರ.

ಹೀಗೆ ಮಿಂಚುವ ಮೈಯಲ್ಲೂ ಎಲ್ಲ ಕಡೆ ಒಂದೇ ಹೊಳಪಿರುವುದಿಲ್ಲ. ಕಾರ್ಖಾನೆಯ ರೋಲರುಗಳ ನಡುವೆ ಹಾದು ಬಂದ ಹಾಳೆಗೆ ಮರದ ಹಲಗೆಗಿರುವಂತೆ ಒಂದು ಎಳೆ ಇರುತ್ತದೆ. ಒಂದು ತುಂಡನ್ನು ಉದ್ದಕ್ಕೂ ಪಕ್ಕದ ತುಂಡನ್ನು ಅಡ್ಡಕ್ಕೂ ಕತ್ತರಿಸಿ ಜೋಡಿಸಿದರೆ, ಒಂದೇ ಬಿಸಿಲಲ್ಲಿ ಒಂದು ಬೆಳ್ಳಗೆ, ಒಂದು ಕಪ್ಪಗೆ ಕಾಣುತ್ತದೆ. ಎಂಜಿನ್ನಿನ ಬಳಿ ಉಕ್ಕಿನ ತಗಡು, ಬಾಲದ ತುದಿಯಲ್ಲಿ ಬೆಂಕಿಗೆ ಸುಟ್ಟು ಬಣ್ಣ ತಿರುಗಿದ ಭಾಗ, ರಿಪೇರಿಯಲ್ಲಿ ಬದಲಾಯಿಸಿದ ಹೊಸ ಮುಚ್ಚಳ ಎಲ್ಲಕ್ಕೂ ತಮ್ಮ ತಮ್ಮದೇ ಛಾಯೆ.

ಹೈದರಾಬಾದ್ ಸಂಸ್ಥಾನದ ಕಾಲದ ಡಕೋಟಾ ಇದಕ್ಕೆ ಒಳ್ಳೆಯ ಪಾಠ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ದಂಡೋತಿ, ಚಿಂಚೋಳಿಗಳೆಲ್ಲ ನಿಜಾಮನ ಆಡಳಿತಕ್ಕೆ ಸೇರಿದ್ದಾಗ, 1945ರಲ್ಲಿ, ನಿಜಾಮ್ ಸರ್ಕಾರ ಮತ್ತು ಟಾಟಾ ಸೇರಿ ಡೆಕ್ಕನ್ ಏರ್‌ವೇಸ್ ಕಟ್ಟಿದರು. ಬೇಗಂಪೇಟೆಯಿಂದ ಹಾರುತ್ತಿದ್ದ ಈ ಸಂಸ್ಥೆಯ ವಿಮಾನ ಡಕೋಟಾ. 1953ರಲ್ಲಿ ಸಂಸ್ಥೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು. ಡಕೋಟಾದ ಒಡಲು, ರೆಕ್ಕೆ ಲೋಹದವು. ಆದರೆ ಅದನ್ನು ತಿರುಗಿಸುವ, ಏರಿಳಿಸುವ ರೆಕ್ಕೆಬಾಲಗಳ ಹಿಂದಿನ ಅಂಚು ಬಟ್ಟೆಯದು. ಬಟ್ಟೆ ಬಿಗಿಯಾಗಲೆಂದು ಅದಕ್ಕೆ ಡೋಪ್ ಎಂಬ ಬೆಳ್ಳಿಬಣ್ಣದ ಲೇಪ ಬಳಿದಿರುತ್ತಿದ್ದರು. ಬರಿ ಲೋಹದ ಡಕೋಟಾ ಮಾಡುವವರು ಇಡೀ ವಿಮಾನಕ್ಕೆ ಒಂದೇ ಡಬ್ಬಿಯ ಬಣ್ಣ ಹೊಡೆದರೆ, ತಿಳಿದವರು ಬಾಲ ನೋಡಿಯೇ ತಪ್ಪು ಹಿಡಿಯುತ್ತಾರೆ.

ಎರಡನೇ ಮಹಾಯುದ್ಧದ ಮಸ್ಟಾಂಗ್ ಇನ್ನೂ ಮೋಸಗಾರ. ಒಡಲು ಬರಿ ಲೋಹ. ರೆಕ್ಕೆಯ ಮೇಲೆ ಗಾಳಿ ನುಣ್ಣಗೆ ಹರಿಯಲೆಂದು ಕಾರ್ಖಾನೆಯಲ್ಲೇ ಸಂದುಗಳಿಗೂ ರಿವೆಟ್‌ಗಳಿಗೂ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬೆಳ್ಳಿಬಣ್ಣ ಹೊಡೆಯುತ್ತಿದ್ದರು. ಕಿಟ್ಟಿನ ರೆಕ್ಕೆ ಮೇಲೆ ಸಾಲು ಸಾಲು ರಿವೆಟ್ ಗುರುತಿದ್ದರೆ ಹವ್ಯಾಸಿ ಅದನ್ನು ಮುಚ್ಚಬೇಕು. ಕಂಪನಿ ಕಷ್ಟಪಟ್ಟು ಕೊರೆದದ್ದನ್ನು ಪುಟ್ಟಿ ಹಾಕಿ ಮುಚ್ಚಿದಾಗಲೇ ಮಾಡೆಲ್ ನಿಜಕ್ಕೆ ಹತ್ತಿರವಾಗುತ್ತದೆ!

ಬಣ್ಣ ಬಿಟ್ಟ ಕಾಲ, ಬಣ್ಣ ಬಳಿದ ಕಾಲ

ಯುದ್ಧ ವಿಮಾನಗಳು ಬಟ್ಟೆ ಕಳಚಿದ್ದು 1944ರ ಆಸುಪಾಸು. ಆಕಾಶ ತನ್ನ ಕೈವಶವಾಗುತ್ತಿದ್ದಂತೆ ಅಮೆರಿಕ ತನ್ನ ವಿಮಾನಗಳಿಗೆ ಮರೆಬಣ್ಣ ಬಳಿಯುವುದನ್ನೇ ನಿಲ್ಲಿಸಿತು. ತೂಕ ಉಳಿಯಿತು, ಕೂಲಿ ಉಳಿಯಿತು, ವೇಗ ತುಸು ಹೆಚ್ಚಿತು. ಆ ಹೊತ್ತಿಗೆ ಅಮೆರಿಕದ ವಾಯುಪಡೆಯ ವಿಮಾನಗಳು ರಿಪೇರಿಗೆ ಬರುತ್ತಿದ್ದ ಜಾಗಗಳಲ್ಲಿ ಬೆಂಗಳೂರೂ ಒಂದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ 1943ರಲ್ಲಿ ಅಮೆರಿಕನ್ನರ ಉಸ್ತುವಾರಿಗೆ ಹೋಗಿತ್ತು.

ಯುದ್ಧ ಮುಗಿದ ಮೇಲಿನ ಕಥೆ ಮಾಡೆಲ್ ಮಾಡುವವರಿಗೆ ಇನ್ನೂ ರುಚಿ. ಬ್ರಿಟಿಷರು ಹೋಗುವಾಗ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಜಖಂ ಮಾಡಿ ಬಿಟ್ಟುಹೋಗಿದ್ದರು. 1948ರಲ್ಲಿ ಎಚ್‌ಎಎಲ್‌ನವರು ಆ ಗುಜರಿಯಿಂದಲೇ ಒಂದೊಂದನ್ನೂ ಹಾರುವ ಮಟ್ಟಿಗೆ ತಂದು, ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವರ ಕೈಯಲ್ಲಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಜೀವ ಬಂದವು ಒಟ್ಟು 42. ವಾಯುಪಡೆಯಲ್ಲಿ 1968ರವರೆಗೂ ದುಡಿದ ಅವುಗಳಲ್ಲಿ ಕೆಲವು ಈಗ ಬ್ರಿಟನ್, ಅಮೆರಿಕ, ಕೆನಡಾದ ಸಂಗ್ರಹಾಲಯಗಳಲ್ಲಿವೆ. ತೇಪೆ ಬಿದ್ದ, ಅಲ್ಲಲ್ಲಿ ಬೇರೆ ಬೇರೆ ಹೊಳಪಿನ ತಗಡಿರುವ ಲೋಹದ ಮೈ ಮಾಡಿ ತೋರಿಸಬೇಕೆಂಬ ಆಸೆಯಿದ್ದವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಜಾಗ ಮಾತ್ರ ಬೇಕು: 1/72ರಲ್ಲೂ ಲಿಬರೇಟರ್ ರೆಕ್ಕೆ ಚಾಚಿದರೆ 46 ಸೆಂಟಿಮೀಟರ್ ದಾಟುತ್ತದೆ.

ಅದೇ 1948ರಲ್ಲಿ ಚಿಂಚೋಳಿಯ ಪಕ್ಕದ ಬೀದರಿನಲ್ಲಿ ರಾತ್ರಿ ವಿಮಾನಗಳು ಇಳಿಯುತ್ತಿದ್ದವು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯನ್ ಪೈಲಟ್ ಕರಾಚಿಯಿಂದ ನಿಜಾಮನಿಗೆ ಕದ್ದು ಶಸ್ತ್ರ ತರುತ್ತಿದ್ದದ್ದು ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ. ಲ್ಯಾಂಕಾಸ್ಟರ್ ಬಾಂಬರಿನ ಈ ನಾಗರಿಕ ರೂಪವನ್ನು ಬ್ರಿಟಿಷ್ ವಿಮಾನ ಕಂಪನಿಗಳು ಯುದ್ಧಕಾಲದ ಕಪ್ಪು ಬಣ್ಣ ಬಿಟ್ಟು ಬರಿ ಲೋಹದ ಮೈಯಲ್ಲಿ ಹಾರಿಸುತ್ತಿದ್ದವು.

ಹೊಳೆಯುವ ಮೈಗೆ ಒಂದು ದೊಡ್ಡ ಕುಂದು. ನೆಲದ ಮೇಲೆ ನಿಂತಾಗ ಮೇಲಿನಿಂದ ಬರುವ ಶತ್ರುವಿಗೆ ಅದು ಎದ್ದು ಕಾಣುತ್ತದೆ. 1963ರಲ್ಲಿ ಚಂಡೀಗಡಕ್ಕೆ ಬಂದ ಭಾರತದ ಮೊದಲ ಮಿಗ್-21ಗಳೂ ಬರಿ ಲೋಹದವೇ. 1965ರ ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ಮೇಲೆ ಪಾಕಿಸ್ತಾನದ ಸೇಬರ್‌ಗಳು ಎರಗಿ, ನಿಂತಲ್ಲೇ ಸುಟ್ಟ ವಿಮಾನಗಳಲ್ಲಿ ಎರಡು ಮಿಗ್‌ಗಳೂ ಇದ್ದವು. ಆ ಯುದ್ಧದ ನಂತರ, 1971ರ ಹೊತ್ತಿಗೆ, ನಮ್ಮ ವಿಮಾನಗಳ ಮೈಮೇಲೆ ಹಸಿರು, ಕಂದು ಹರಡಿತು. ಹೀಗಾಗಿ ಮಾಡೆಲಿಗೆ ಯಾವ ಹೊಳಪು ಎಂಬುದು ಅದು ಯಾವ ವರ್ಷದ, ಯಾವ ತಿಂಗಳ ವಿಮಾನ ಎಂಬುದನ್ನೇ ಅವಲಂಬಿಸಿದೆ.

ಕೆಲಸ ಶುರುವಾಗುವುದು ಬಣ್ಣಕ್ಕೆ ಮೊದಲೇ

ಲೋಹದ ಬಣ್ಣ ಏನನ್ನೂ ಮುಚ್ಚುವುದಿಲ್ಲ. ಇದ್ದ ತಪ್ಪನ್ನು ಎತ್ತಿ ತೋರಿಸುತ್ತದೆ. ಆದ್ದರಿಂದ ಒಡಲಿನ ಎರಡು ಹೋಳು ಅಂಟಿಸಿದ ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ವಾಟರ್ ಪೇಪರಿನಿಂದ ನೀರು ಮುಟ್ಟಿಸುತ್ತ ಉಜ್ಜಬೇಕು. ಮೊದಲು 600, ಆಮೇಲೆ 1000, 2000. ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಈ ಕಾಗದ ಸಿಗುತ್ತದೆ. ಒಂದು ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನ ನಂಬರಿಗೆ ಹೋಗಬಾರದು. ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆಯುವುದು, ಅಚ್ಚಿನಿಂದ ಬಂದ ಎಣ್ಣೆ ಹೋಗಲೆಂದು. ಅಲ್ಲಿಂದ ಮುಂದೆ ಬರಿಗೈ ತಾಗಿಸುವಂತಿಲ್ಲ. ಬೆರಳಿನ ಜಿಡ್ಡು ಲೋಹದ ಬಣ್ಣದಡಿ ಗುರುತು ಬಿಟ್ಟುಬಿಡುತ್ತದೆ.

ನಂತರದ ಹೆಜ್ಜೆ ಹೊಸಬರಿಗೆ ವಿಚಿತ್ರ ಅನಿಸೀತು: ಬೆಳ್ಳಗೆ ಹೊಳೆಯಬೇಕಾದ ವಿಮಾನಕ್ಕೆ ಮೊದಲು ಮಿರಿಮಿರಿ ಕಪ್ಪು ಹೊಡೆಯುತ್ತಾರೆ. ಬಿದ್ರಿ ಹೂಜಿ ನೋಡಿದವರಿಗೆ ಇದರ ಗುಟ್ಟು ಅರ್ಧ ಗೊತ್ತೇ ಇರುತ್ತದೆ. ಬೀದರಿನ ಕುಶಲಕರ್ಮಿ ಸತುವಿನ ಮೈಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಲ್ಲಿ ಕಾಯಿಸಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಸುತ್ತಲ ಕಪ್ಪಿನಿಂದಲೇ ಅದರ ಹೊಳಪು ಏಳುವುದು. ಮಾಡೆಲಿನಲ್ಲಿ ಕಪ್ಪು ಇರುವುದು ಪಕ್ಕದಲ್ಲಲ್ಲ, ಅಡಿಯಲ್ಲಿ. ಮೇಲೆ ಹೊಡೆಯುವ ಲೋಹದ ಲ್ಯಾಕರ್ ಎಷ್ಟು ತೆಳುವೆಂದರೆ ಬೆಳಕಿನ ಒಂದು ಪಾಲು ಅದರೊಳಗೆ ಇಳಿದುಹೋಗುತ್ತದೆ. ಅಡಿಯಲ್ಲಿ ಬಿಳಿ ಇದ್ದರೆ ಆ ಬೆಳಕು ಚೆದುರಿ ಮೇಲೆ ಬಂದು ಹೊಳಪನ್ನು ಮಂಕು ಮಾಡುತ್ತದೆ. ಕಪ್ಪು ಅದನ್ನು ನುಂಗಿಬಿಡುತ್ತದೆ. ಉಳಿಯುವುದು ಮೇಲಿನ ಲೋಹದ ಚೂರುಗಳಿಂದ ನೇರ ಪ್ರತಿಫಲಿಸಿದ ಬೆಳಕು ಮಾತ್ರ. ಕಣ್ಣು ಅದನ್ನೇ ಲೋಹ ಎನ್ನುತ್ತದೆ.

ಆ ಲೋಹದ ಹಾಳೆಯ ಹೆಸರನ್ನೇ ಇಟ್ಟುಕೊಂಡ ಆಲ್‌ಕ್ಲಾಡ್, ಎಕೆ, ವ್ಯಾಲೆಹೊ, ಜಪಾನಿನ ಮಿಸ್ಟರ್ ಕಲರ್ ಮುಂತಾದ ಬ್ರ್ಯಾಂಡ್‌ಗಳ ಲೋಹದ ಬಣ್ಣಗಳಲ್ಲಿ ಚೂರುಗಳು ಬಲು ಸಣ್ಣವು. ಏರ್‌ಬ್ರಷ್‌ನಲ್ಲಿ 12ರಿಂದ 15 ಪಿಎಸ್‌ಐ ಒತ್ತಡ ಇಟ್ಟು, ಮಂಜು ಕೂತಂತೆ ಪದರದ ಮೇಲೆ ಪದರ ಹಿಡಿಸಬೇಕು. ಒಂದೇ ಸಲಕ್ಕೆ ಒದ್ದೆಯಾಗಿ ಹೊಡೆದರೆ ಮೇಲ್ಮೈ ಮತ್ತೆ ಬಣ್ಣದಂತೆಯೇ ಕಾಣುತ್ತದೆ. ಏರ್‌ಬ್ರಷ್ ಇಲ್ಲದವರಿಗೆ ತಮಿಯಾ ಕಂಪನಿಯ ಎಎಸ್-12 ಸ್ಪ್ರೇ ಡಬ್ಬಿ ಇದೆ. ಇಡೀ ಮೈಗೆ ಒಂದು ಛಾಯೆ ಬಂದ ಮೇಲೆ ಮಾಸ್ಕಿಂಗ್ ಟೇಪಿನಿಂದ ಒಂದೊಂದೇ ತಗಡನ್ನು ಬಿಟ್ಟು ಉಳಿದದ್ದನ್ನು ಮುಚ್ಚಿ, ಕೆಲವಕ್ಕೆ ಕಡು, ಕೆಲವಕ್ಕೆ ತಿಳಿ ಛಾಯೆ. ಕೈ ಬಿಗಿ ಹಿಡಿಯಬೇಕಾದ್ದು ಇಲ್ಲೇ. ವ್ಯತ್ಯಾಸ ಹೆಚ್ಚಾದರೆ ವಿಮಾನ ಚದುರಂಗದ ಹಾಸಾಗುತ್ತದೆ.

ಅಡುಗೆಮನೆಯ ಫಾಯಿಲ್

ಬಣ್ಣವೇ ಬೇಡ, ಅಲ್ಯುಮಿನಿಯಂ ಅನ್ನೇ ಹೊದಿಸೋಣ ಎನ್ನುವ ಪಂಥವೊಂದಿದೆ. ಚಪಾತಿ ಸುತ್ತುವ ಫಾಯಿಲ್ಲಿನ ದಪ್ಪ ಸುಮಾರು 0.015 ಮಿಲಿಮೀಟರ್. 72ರಿಂದ ಗುಣಿಸಿದರೆ ಸುಮಾರು ಒಂದು ಮಿಲಿಮೀಟರ್. ಆ ಕಾಲದ ವಿಮಾನಗಳ ಹೊದಿಕೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕಕ್ಕೆ ಲೆಕ್ಕ ಕೂಡಿತು.

ಕ್ರಮ ಹೀಗೆ: ಫಾಯಿಲ್ಲಿನ ಹಿಂಬದಿಗೆ ತೆಳುವಾಗಿ ಅಂಟು ಸವರಿ, ಅಂಟಂಟಾಗುವ ತನಕ ಒಣಗಲು ಬಿಡಬೇಕು. ಮಾಡೆಲಿನ ಮೇಲಿನ ಒಂದು ತಗಡಿನಷ್ಟು ಜಾಗಕ್ಕೆ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಹರಡಬೇಕು. ಕಿವಿಗೆ ಹಾಕುವ ಇಯರ್ ಬಡ್‌ನಿಂದ ನಡುವಿನಿಂದ ಅಂಚಿಗೆ ನೀವುತ್ತ ಬಂದರೆ ಸುಕ್ಕು ಹೊರಗೆ ಸರಿಯುತ್ತದೆ, ಸಂದುಗಳ ಗೆರೆ ಫಾಯಿಲ್ ಮೇಲೆ ಮೂಡುತ್ತದೆ. ಹೊಸ ಬ್ಲೇಡಿನಿಂದ ಆ ಗೆರೆಗುಂಟ ಕೊಯ್ದು ಹೆಚ್ಚಾದದ್ದನ್ನು ಎತ್ತಬೇಕು. ಬ್ಲೇಡ್ ಮೊಂಡಾದರೆ ಫಾಯಿಲ್ ಹರಿಯುತ್ತದೆ. ಮುಂದಿನ ತುಂಡನ್ನು ಎಳೆ ಅಡ್ಡ ಬರುವಂತೆ ತಿರುಗಿಸಿ ಹಚ್ಚಿದರೆ, ಅಸಲಿ ವಿಮಾನದಲ್ಲಿ ಕಾಣುವ ಬೆಳ್ಳಗೆ ಕಪ್ಪಗೆ ಆಟ ತಾನಾಗೇ ಬರುತ್ತದೆ. ಸಪಾಟು ಮೈಯಲ್ಲಿ ಇದು ಸಲೀಸು. ಮೂಗಿನ ಹತ್ತಿರ ಎರಡೂ ಕಡೆ ಬಾಗಿದ ಜಾಗದಲ್ಲಿ ಎಂಥ ಕೈಯೂ ತಡವರಿಸುತ್ತದೆ. ಅಲ್ಲಿಗೆ ಲ್ಯಾಕರ್ ಹೊಡೆದು, ಉಳಿದಲ್ಲಿ ಫಾಯಿಲ್ ಹಚ್ಚಿ ಎರಡನ್ನೂ ಬೆರೆಸುವವರು ಬಹಳ.

ಸಿಮೆಂಟಿನ ಊರುಗಳ ಹವೆ

ವಿದೇಶಿ ಪುಸ್ತಕಗಳಲ್ಲಿ ಬರೆದ ವಿಧಾನ ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್ ಕಡೆಯ ಮನೆಗಳಲ್ಲಿ ಹಾಗೆಹಾಗೇ ನಡೆಯದು. ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಏರ್‌ಬ್ರಷ್‌ನಿಂದ ಹೊರಟ ಹನಿ ಮಾಡೆಲ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗುತ್ತದೆ. ಮೇಲ್ಮೈ ಉಸುಕು ಎರಚಿದಂತೆ ತರಿತರಿ. ಮಳೆಗಾಲದಲ್ಲಿ ಇದರ ತಿರುಗುಮುರುಗು: ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು, ಮಿರುಗಬೇಕಾದ ಕಪ್ಪು ಹಾಲು ಚೆಲ್ಲಿದಂತೆ ಬಿಳಚುತ್ತದೆ. ನಿಧಾನ ಆರುವ ತಿನ್ನರ್ ಬೆರೆಸುವುದು, ಬೆಳಗಿನ ತಂಪಿನಲ್ಲಿ ಹೊಡೆಯುವುದು, ಜಡಿ ಮಳೆಯ ದಿನ ಬಣ್ಣದ ಕೆಲಸ ಮುಂದಕ್ಕೆ ಹಾಕುವುದು ಇದಕ್ಕೆ ಪರಿಹಾರ. ಇನ್ನು ಧೂಳು. ಕಲ್ಲು ಕೊಯ್ಯುವ, ಸಿಮೆಂಟ್ ಮಾಡುವ ಊರಲ್ಲಿ ಕಪ್ಪು ಮೈಮೇಲೆ ಕೂತ ಒಂದು ಕಣ ಲೋಹದ ಪದರದಡಿ ಗುಳ್ಳೆಯಾಗಿ ನಿಲ್ಲುತ್ತದೆ. ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ಹೊಡೆದ ತಕ್ಷಣ ಮಾಡೆಲ್ ಮೇಲೆ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿದರೆ ಅರ್ಧ ಗೆದ್ದಂತೆ. ಲ್ಯಾಕರಿನ ಆವಿ ಪುಪ್ಪುಸಕ್ಕೆ ಒಳ್ಳೆಯದಲ್ಲ. ಮೂಗಿಗೆ ಕರ್ಚೀಫ್ ಸಾಲದು, ಆವಿ ತಡೆಯುವ ಮಾಸ್ಕ್ ಬೇಕು, ಕಿಟಕಿ ತೆರೆದಿರಬೇಕು.

ಕಡೆಯ ಕೆಲಸಗಳು ಚಿಕ್ಕವು, ಆದರೆ ಕೆಡಿಸುವುದಕ್ಕೆ ಅವೇ ಸಾಕು. ಬಾಲದ ಉಕ್ಕು ಕಾವಿಗೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿಗೆ ತಿರುಗುತ್ತದೆ. ಈ ಕ್ರಮ ತಪ್ಪದಂತೆ ಪಾರದರ್ಶಕ ಬಣ್ಣವನ್ನು ಉಸಿರು ಬಿಟ್ಟಷ್ಟು ತೆಳ್ಳಗೆ ಹಾಯಿಸಬೇಕು. ನಮ್ಮ ವಾಯುಪಡೆಯ ಕೇಸರಿ ಬಿಳಿ ಹಸಿರಿನ ಚಕ್ರದ ಡಿಕ್ಯಾಲ್ (ಅಂಟುಚಿತ್ರ) ಹಚ್ಚುವಾಗ ಸುತ್ತಲ ಪಾರದರ್ಶಕ ಪೊರೆಯನ್ನು ಅಂಚಿನ ತನಕ ಕತ್ತರಿಸಬೇಕು, ಇಲ್ಲವಾದರೆ ಲೋಹದ ಮೇಲೆ ಅದು ಎದ್ದು ಕಾಣುತ್ತದೆ. ಕೊನೆಗೆ ವಾರ್ನಿಷ್ ಹೊಡೆಯುವ ಆಸೆಯನ್ನು ಹೆಚ್ಚಿನವರು ಅದುಮಿಕೊಳ್ಳುತ್ತಾರೆ. ವಾರ್ನಿಷ್ ಬಿದ್ದರೆ ಲೋಹದ ಕಳೆ ಇಳಿಯುತ್ತದೆ. ಸೋವಿಯತ್ ಮಿಗ್‌ಗಳು ಇದಕ್ಕೆ ಅಪವಾದ. ಅವುಗಳ ಬರಿ ಮೈಗೆ ಕಾರ್ಖಾನೆಯಲ್ಲೇ ತೆಳು ವಾರ್ನಿಷ್ ಇರುತ್ತಿತ್ತು, ಬಿಸಿಲಿಗೆ ಅದು ತುಸು ಹಳದಿಗೆ ತಿರುಗುತ್ತಿತ್ತು.

ಇಂಥ ಮೈ ಕಣ್ಣಾರೆ ನೋಡುವ ಅವಕಾಶಗಳು ಕಡಿಮೆಯಾಗುತ್ತಿವೆ. ಪಾಲಿಶ್ ಮಾಡಿದ ಅಲ್ಯುಮಿನಿಯಂ ಮೈಗೆ ಹೆಸರಾಗಿದ್ದ ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಬೂದುಬಣ್ಣಕ್ಕೆ ಬದಲಾಯಿತು; ಕಾರ್ಬನ್ ನಾರಿನ ಹೊಸ ಬೋಯಿಂಗ್‌ಗಳಿಗೆ ಪಾಲಿಶ್ ಮಾಡಲು ಲೋಹವೇ ಇಲ್ಲ. 2019ರಲ್ಲಿ ಶುರುವಾದ ಕಲಬುರಗಿ ನಿಲ್ದಾಣದಲ್ಲಿ ಇಳಿದವೂ ಬಣ್ಣ ಬಳಿದವೇ. ಮಿಗ್-21ಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಸೇವೆಯಿಂದ ನಿವೃತ್ತವಾದವು.

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮರುತ್, ಅಜೀತ್, ಮಿಗ್‌ಗಳ ಪಕ್ಕದಲ್ಲೇ ನಿಂತು ಹೊದಿಕೆಯ ಸಂದು, ರಿವೆಟ್, ಮುಚ್ಚಳಗಳನ್ನು ನೋಡಬಹುದು. ಆಕಾರಕ್ಕೂ ಅಳತೆಗೂ ಅವು ಬಲವಾದ ಸಾಕ್ಷಿ. ಹೊಳಪಿಗೆ ಮಾತ್ರ ಅವನ್ನು ನಂಬುವಂತಿಲ್ಲ. ಬಯಲಲ್ಲಿ, ಕಂಬದ ಮೇಲೆ, ವೃತ್ತಗಳಲ್ಲಿ ನಿಲ್ಲಿಸಿದ ವಿಮಾನಗಳಿಗೆ ಮಳೆ ಬಿಸಿಲಿನಿಂದ ಕಾಪಾಡಲು ಆಗಾಗ ಬಣ್ಣ ಬಳಿಯುತ್ತಾರೆ. ಒಂದು ಕಾಲಕ್ಕೆ ಬರಿ ಲೋಹವಾಗಿದ್ದ ಮೈಮೇಲೆ ಈಗ ಇರುವುದು ಹಲವು ಕೋಟ್ ಪೇಂಟ್. ಆದ್ದರಿಂದ ದೇವಯ್ಯನವರ ಕಾಲದ ಮಿಸ್ತೇರ್ ಮಾಡಹೊರಟವರು ಭೂತಗನ್ನಡಿ ಹಿಡಿದು ಕೂರುವುದು ಆಗಿನ ಕಪ್ಪುಬಿಳುಪು ಫೋಟೋಗಳ ಮುಂದೆ. ಯಾವ ತಗಡು ಬೆಳ್ಳಗೆ, ಯಾವುದು ಕಪ್ಪಗೆ ಎಂದು ಗುರುತು ಹಾಕಿಕೊಂಡ ಮೇಲೆಯೇ ಮೊದಲ ಟೇಪಿನ ತುಂಡು ಕತ್ತರಿಸುತ್ತಾರೆ.